ಹವಾಲ್ದಾರನೂ ಹವಾಲೆಯೂ: ದಂಡಿನ ಮಾತುಗಳ ಒಳಗುಟ್ಟು

ಪದಾರ್ಥವೊಂದು ಕೈಗೆ ಬಂದರೆ ಅದರಲ್ಲಿ ಏನೇನು ಬೆರೆತಿದೆ ಎಂದು ಒಡೆದು ನೋಡುವುದು ನಮ್ಮಂಥ ರಸಾಯನಶಾಸ್ತ್ರದವರ ಕಸುಬು. 'ಪದಾರ್ಥ' ಎಂಬ ಮಾತಿನೊಳಗೇ ಪದವೂ ಇದೆ, ಅರ್ಥವೂ ಇದೆ. ಆದ್ದರಿಂದ ಈ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಿತ್ರರು ಕೇಳಿದಾಗ, ಪ್ರಯೋಗಶಾಲೆಯ ಸೀಸೆಗಳನ್ನು ಬದಿಗಿಟ್ಟು ಒಂದಷ್ಟು ಪದಗಳನ್ನೇ ಒಡೆದು ನೋಡೋಣವೆಂದುಕೊಂಡೆವು. ಆರಿಸಿಕೊಂಡದ್ದು ದಂಡಿನ ಮಾತುಗಳನ್ನು, ಅಂದರೆ ಸೈನ್ಯದ ಪದಗಳನ್ನು.

ಇದಕ್ಕೆ ಕಾರಣವಿದೆ. ದುಬೈ, ಅಬುಧಾಬಿಗಳಲ್ಲಿ ಬಾಳುವ ಕನ್ನಡಿಗರಿಗೆ ಒಂದು ಅನುಕೂಲ ಉಂಟು. ಮನೆಯೊಳಗೆ ಕನ್ನಡ, ಹೊರಗೆ ಬಂದರೆ ಬೀದಿಬೀದಿಯಲ್ಲೂ ಅರಬ್ಬಿ ಫಲಕ. ಊರಿನಲ್ಲಿ ಅಜ್ಜ ಅಜ್ಜಿಯರು ಆಡುತ್ತಿದ್ದ ಎಷ್ಟೋ ಸರ್ಕಾರಿ, ಸಿಪಾಯಿ ಮಾತುಗಳ ಮೂಲರೂಪ ಇಲ್ಲಿನ ಅಂಗಡಿ, ಬ್ಯಾಂಕು, ಕಚೇರಿಗಳ ಮೇಲೆ ದಿನವೂ ಕಣ್ಣಿಗೆ ಬೀಳುತ್ತಿರುತ್ತದೆ. ನೆಂಟರು ಎದುರಿಗೆ ನಿಂತಿದ್ದರೂ ಗುರುತು ಸಿಗದೆ ಹೋದಂತೆ ನಾವು ಅದನ್ನು ದಾಟಿ ಹೋಗುತ್ತೇವೆ, ಅಷ್ಟೆ.

ಹವಾಲೆ ಮಾಡಿಸಿಕೊಂಡವನು

ಮೊದಲು ಹವಾಲ್ದಾರನನ್ನೇ ಕರೆಯೋಣ. ತೋಳಿನ ಮೇಲೆ ಮೂರು ಪಟ್ಟಿ ಧರಿಸಿದ ಈತ ಭಾರತದ ಭೂಸೇನೆಯಲ್ಲಿ ಇಂದಿಗೂ ಇದ್ದಾನೆ. ಪದವನ್ನು ಒಡೆದರೆ ಎರಡು ತುಂಡು: ಹವಾಲಾ ಮತ್ತು ದಾರ್. ಹವಾಲಾ ಅರಬ್ಬಿ, ವಹಿಸಿಕೊಡುವುದು, ವರ್ಗಾಯಿಸುವುದು ಎಂದು ಅರ್ಥ. ದಾರ್ ಪಾರ್ಸಿ, ಹಿಡಿದವನು, ಹೊಂದಿದವನು ಎಂದು ಅರ್ಥ. ಈ ದಾರ್ ನಮ್ಮ ಸಂಸ್ಕೃತದ 'ಧಾರಕ'ದ ದಾಯಾದಿಯೇ. ಅಂತೂ ಹವಾಲ್ದಾರನೆಂದರೆ ಯಾವುದೋ ಒಂದನ್ನು ತನ್ನ ವಶಕ್ಕೆ ವಹಿಸಿಕೊಂಡವನು. ಶಿವಾಜಿಯ ಕಾಲದ ಮರಾಠಾ ಕೋಟೆಗಳಲ್ಲಿ ಹವಾಲ್ದಾರನೇ ಮುಖ್ಯ. ಕೋಟೆಯ ಬೀಗದ ಕೈ ಅವನ ಬಳಿ. ಕೋಟೆಯೇ ಅವನಿಗೆ ಹವಾಲೆ.

ಉತ್ತರ ಕರ್ನಾಟಕದ ಬಂಧುಗಳು ಇಂದಿಗೂ 'ಕಳ್ಳನನ್ನು ಪೊಲೀಸರ ಹವಾಲೆ ಮಾಡಿದರು' ಎನ್ನುತ್ತಾರೆ. ಇಲ್ಲಿ ತಿಂಗಳಿಗೊಮ್ಮೆ ಊರಿಗೆ ಹಣ ಕಳಿಸಲು ಎಕ್ಸ್‌ಚೇಂಜ್ ಕಚೇರಿಗೆ ಹೋದರೆ ಅಲ್ಲಿಯ ಫಲಕದ ಮೇಲೂ ಅದೇ ಮಾತು: ಹವಾಲಾತ್, ತಹ್ವೀಲ್. ಕಳ್ಳಹಣದ ಸುದ್ದಿಗಳಿಂದಾಗಿ ಹವಾಲಾ ಎಂದೊಡನೆ ನಾವು ಹುಬ್ಬೇರಿಸುತ್ತೇವಾದರೂ ಪದಕ್ಕೆ ಯಾವ ಕಳಂಕವೂ ಇಲ್ಲ. ನಂಬಿ ಒಪ್ಪಿಸುವುದು ಅದರ ಜೀವಾಳ.

ಇದೇ ಧಾತುವಿನಿಂದ ಇನ್ನೊಂದು ನೆಂಟಸ್ತಿಕೆ. 'ಹಾಲ್' ಎಂದರೆ ಸ್ಥಿತಿ. 'ಕೈಫ್ ಹಾಲಕ್' ಎಂದು ಇಲ್ಲಿಯವರು ಕೇಳುವುದು ನಿಮ್ಮ ಸ್ಥಿತಿ ಹೇಗಿದೆ ಎಂದು. ಅದರ ಬಹುವಚನ ಅಹ್ವಾಲ್. ಜಿಲ್ಲಾಧಿಕಾರಿಗಳ ಮುಂದೆ ಜನರು ಹೇಳಿಕೊಳ್ಳುವ 'ಅಹವಾಲು' ಇದೇ. ಹವಾಲ್ದಾರನೂ ಅಹವಾಲೂ ಒಂದೇ ಮನೆಯ ಮಕ್ಕಳು.

ದಫೇದಾರ, ಫಿರಂಗಿ ಮತ್ತು ಬೆಂಕಿ ಆರಿಸುವವರು

ಜಿಲ್ಲಾಧಿಕಾರಿಗಳ ಕಚೇರಿ ಎಂದೆವು. ಅಲ್ಲಿ ಜರಿಪಟ್ಟಿ ಧರಿಸಿ ಬಾಗಿಲ ಬಳಿ ನಿಲ್ಲುವ ದಫೇದಾರನನ್ನು ಎಲ್ಲರೂ ಕಂಡಿದ್ದೇವೆ. ಸೈನ್ಯದ ಕುದುರೆ ಪಡೆಗಳಲ್ಲಿ, ಈಗಿನ ಟ್ಯಾಂಕು ಪಡೆಗಳಲ್ಲಿ, ಹವಾಲ್ದಾರನಿಗೆ ಸಮನಾದ ದರ್ಜೆಗೆ ಈ ಹೆಸರು. ಅರಬ್ಬಿಯಲ್ಲಿ 'ದಫಾ' ಎಂದರೆ ಒಂದು ತಳ್ಳು, ಒಂದು ಸಲ, ಒಂದು ತಂಡ. 'ಎರಡು ದಫೆ ಹೇಳಿದೆ' ಎಂದು ನಾವು ಕನ್ನಡದಲ್ಲಿ ಹೇಳುವ ದಫೆ ಅದೇ. ಒಂದು ತಂಡದ ಮುಖ್ಯಸ್ಥ ದಫೇದಾರ.

ತಳ್ಳುವ ಸಾಧನಕ್ಕೆ ಅರಬ್ಬಿಯಲ್ಲಿ ಮಿದ್ಫಾ ಎನ್ನುತ್ತಾರೆ. ಅದು ಫಿರಂಗಿ. ರಂಜಾನ್ ತಿಂಗಳಲ್ಲಿ ಸಂಜೆ ಉಪವಾಸ ಮುಗಿಯುವ ಹೊತ್ತಿಗೆ ದುಬೈ ಪೊಲೀಸರು ಹಾರಿಸುವ ಫಿರಂಗಿಯನ್ನು ಮಕ್ಕಳಿಗೆ ತೋರಿಸಲು ನಾವೆಲ್ಲ ಕರೆದೊಯ್ಯುತ್ತೇವಲ್ಲ, ಅದೇ ಮಿದ್ಫಾ. ಶತ್ರುವನ್ನು ಹಿಂದಕ್ಕೆ ತಳ್ಳುವುದು 'ದಿಫಾ', ಅಂದರೆ ರಕ್ಷಣೆ. ಬೆಂಕಿ ಆರಿಸುವ ಕೆಂಪು ವಾಹನಗಳ ಮೇಲೆ 'ದಿಫಾ ಮದನಿ', ನಾಗರಿಕ ರಕ್ಷಣೆ, ಎಂದು ಬರೆದಿರುತ್ತದೆ. ಮನೆ ಬಾಡಿಗೆಯ ಚೆಕ್ಕುಗಳ ಕಂತಿಗೂ ಇಲ್ಲಿ ದಫಾ ಎಂದೇ ಹೆಸರು. ಹಣವನ್ನು ತಳ್ಳಿಕೊಡುವುದೂ ಒಂದು ಯುದ್ಧವೇ ಎಂಬುದನ್ನು ಬಾಡಿಗೆದಾರರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಕಾಯಿದೆ ಒಂದು, ಕವಾಯತು ಹಲವು

ಶಾಲೆಯಲ್ಲಿ ಎನ್.ಸಿ.ಸಿ. ಸೇರಿದ್ದವರಿಗೆ ಕವಾಯತು ಮರೆತಿರಲಾರದು. ಎಡ, ಬಲ, ಎಡ, ಬಲ! ಅರಬ್ಬಿಯಲ್ಲಿ 'ಕಾಯಿದಾ' ಎಂದರೆ ಅಡಿಪಾಯ, ನಿಯಮ. ಅದರ ಬಹುವಚನ 'ಕವಾಯಿದ್'. ಏಕವಚನ ನಮ್ಮ ಕೋರ್ಟು ಕಚೇರಿಗೆ ಬಂದು ಕಾಯಿದೆ ಆಯಿತು; ಬಹುವಚನ ಮೈದಾನಕ್ಕೆ ಹೋಗಿ ಕವಾಯತು ಆಯಿತು. ಇಲ್ಲಿಯ ಶಾಲೆಗಳಲ್ಲಿ ನಮ್ಮ ಮಕ್ಕಳು ಅರಬ್ಬಿ ವ್ಯಾಕರಣ ಕಲಿಯುವಾಗ ಅದಕ್ಕೂ ಕವಾಯಿದ್ ಎಂದೇ ಹೆಸರು. ವ್ಯಾಕರಣವೆಂದರೆ ಪದಗಳ ಕವಾಯತು ಎಂದು ಮಕ್ಕಳಿಗೆ ಹೇಳಿದರೆ ಅವರು ಒಪ್ಪಿಯಾರು.

ಒಂದು ಸಣ್ಣ ಸೂತ್ರ

ರಸಾಯನದಲ್ಲಿ ಒಂದು ಕ್ರಿಯೆ ಒಂದೇ ರೀತಿ ಮತ್ತೆ ಮತ್ತೆ ನಡೆದರೆ ಅದಕ್ಕೊಂದು ಸೂತ್ರ ಬರೆಯುತ್ತೇವೆ. ಪದಗಳಲ್ಲೂ ಅಂಥದ್ದು ಸಿಗುತ್ತದೆ. ಅರಬ್ಬಿಯಲ್ಲಿ ನಾಲಿಗೆಯನ್ನು ಒತ್ತಿ ನುಡಿಯುವ 'ದಾದ್' ಎಂಬ ಅಕ್ಷರ ಪಾರ್ಸಿಯವರ ಬಾಯಲ್ಲಿ ಝಕಾರವಾಗುತ್ತದೆ. ಕನ್ನಡಕ್ಕೆ ಬಂದಾಗ ಜಕಾರವಾಗುತ್ತದೆ. ಇಲ್ಲಿಯವರ ರಮದಾನ್ ನಮ್ಮೂರಿನ ರಂಜಾನ್. ಇಲ್ಲಿಯ ಕಾದಿ ನಮ್ಮ ಕಾಜಿ. ಅಂಗಡಿಯವನನ್ನು ಏನಾದರೂ ಕೇಳಿದರೆ 'ಹಾದಿರ್' ಎನ್ನುತ್ತಾನೆ, ಅಪ್ಪಣೆಯಾಗಲಿ ಎಂಬಂತೆ. ಸಾಲಿನಲ್ಲಿ ನಿಂತ ಸಿಪಾಯಿ ಹೆಸರು ಕೂಗಿದಾಗ 'ಹಾಜರ್' ಎಂದದ್ದು ಅದನ್ನೇ.

'ರಿದಾ' ಎಂದರೆ ಒಪ್ಪಿಗೆ. ಅದು ನಮ್ಮ ರಜೆ. ಮೇಲಿನವನು ಒಪ್ಪಿದರೆ ಮಾತ್ರ ಮನೆಗೆ ಹೋಗಬಹುದು ಎಂಬ ದಂಡಿನ ಕಟ್ಟಳೆ ಆ ಎರಡಕ್ಷರದಲ್ಲಿ ಅಡಗಿದೆ. ವಾರ್ಷಿಕ ರಜೆಗೆ ಮ್ಯಾನೇಜರರ ಸಹಿಗಾಗಿ ಕಾದು ಕುಳಿತವರಿಗೆ ಈ ವ್ಯುತ್ಪತ್ತಿ ಕೂಡಲೇ ಅರ್ಥವಾದೀತು.

ಇನ್ನೂ ಸೊಗಸಾದದ್ದು 'ಅರ್ದ್'. ಮುಂದಿಡುವುದು, ತೋರಿಸುವುದು ಎಂದು ಅರ್ಥ. ದಿಲ್ಲಿ ಸುಲ್ತಾನರ ಕಾಲದಲ್ಲಿ ಸೈನ್ಯವನ್ನು ಸಾಲಾಗಿ ನಿಲ್ಲಿಸಿ ಪರಿಶೀಲಿಸುವ ಇಲಾಖೆಗೆ ದಿವಾನ್-ಎ-ಅರ್ಜ್ ಎಂದು ಹೆಸರು. ಇಂದಿಗೂ ಅರಬ್ಬಿಯಲ್ಲಿ ಸೈನಿಕ ಪಥಸಂಚಲನಕ್ಕೆ ಅರ್ದ್ ಅಸ್ಕರಿ ಎನ್ನುತ್ತಾರೆ. ಅದೇ ಪದ ನಮ್ಮಲ್ಲಿ 'ಅರ್ಜಿ'ಯಾಗಿ ಗುಮಾಸ್ತರ ಮೇಜಿನ ಮೇಲೆ ಕುಳಿತಿದೆ; ಇಲ್ಲಿಯ ಸೂಪರ್ ಮಾರ್ಕೆಟ್ಟಿನಲ್ಲಿ 'ಉರೂದ್' ಎಂದು ರಿಯಾಯಿತಿ ದರದ ಫಲಕವಾಗಿ ತೂಗುತ್ತಿದೆ.

ಈ ಸೂತ್ರದಿಂದ ಒಂದು ಇತಿಹಾಸವೂ ಹೊರಬರುತ್ತದೆ. ಈ ಪದಗಳು ಹಡಗು ಹತ್ತಿ ನೇರವಾಗಿ ಅರಬ್ಬರಿಂದ ಮಂಗಳೂರು, ಭಟ್ಕಳಗಳಲ್ಲಿ ಇಳಿದಿದ್ದರೆ ದಕಾರದ ಸದ್ದನ್ನು ಉಳಿಸಿಕೊಂಡಿರುತ್ತಿದ್ದವು. ಜಕಾರವಿರುವುದರಿಂದ ಇವು ಪಾರ್ಸಿಯ ಮೂಲಕ, ಬಹಮನಿ, ಆದಿಲಶಾಹಿ, ಮರಾಠ, ಮೈಸೂರು ದರಬಾರುಗಳ ದಾರಿಯಲ್ಲಿ, ದಂಡಿನ ಜೊತೆ ನಡೆದು ಬಂದವು ಎಂದು ತಿಳಿಯಬೇಕು.

ದೇಶದ ಹೆಸರೇ ದಂಡಿನದು

ನಾವು ಬಾಳುತ್ತಿರುವ ದೇಶದ ಹೆಸರನ್ನೇ ತೆಗೆದುಕೊಳ್ಳಿ. 'ಅಮ್ರ್' ಎಂದರೆ ಆಜ್ಞೆ. ಆಜ್ಞಾಪಿಸುವವನು ಅಮೀರ್, ಅಂದರೆ ದಳಪತಿ. ಅವನ ನಾಡು ಇಮಾರತ್, ಹಲವಾದರೆ ಇಮಾರಾತ್. ಅದನ್ನೇ ಇಂಗ್ಲಿಷರು ಎಮಿರೇಟ್ಸ್ ಎಂದರು. ನಮ್ಮಲ್ಲಿ ಅಮೀರನೆಂದರೆ ಬರೀ ದುಡ್ಡುಳ್ಳವನು. ಇಲ್ಲಿ ಅಪ್ಪಣೆ ಕೊಡುವವನು. ಅಮೀರ್ ಸವೆದು ಮೀರ್ ಆಯಿತು. ಟಿಪ್ಪುವಿನ ಆಡಳಿತದಲ್ಲಿ ನೌಕಾ ಇಲಾಖೆಯವರಿಗೆ 'ಮೀರ್ ಯಮ್' ಎಂದು ಹೆಸರಿತ್ತು. ಯಮ್ ಎಂದರೆ ಸಮುದ್ರ. ಅತ್ತ ಯುರೋಪಿನಲ್ಲಿ 'ಅಮೀರ್ ಅಲ್' ಎಂಬ ಅರೆಮಾತಿಗೆ ಲ್ಯಾಟಿನ್ ಬಾಲ ಅಂಟಿ ಅಡ್ಮಿರಲ್ ಹುಟ್ಟಿತು. ಮೈಸೂರಿನ ಮೀರ್ ಯಮ್ ಮತ್ತು ಲಂಡನ್ನಿನ ಅಡ್ಮಿರಲ್ ಅಣ್ಣತಮ್ಮಂದಿರಾದರು!

ಇನ್ನೂ ಸ್ವಾರಸ್ಯವೆಂದರೆ, 1971ರ ಡಿಸೆಂಬರ್ 2ರಂದು ಈ ಒಕ್ಕೂಟ ಹುಟ್ಟುವ ಮೊದಲು ಇಂಗ್ಲಿಷರು ಈ ನಾಡನ್ನು ಕರೆಯುತ್ತಿದ್ದದ್ದು ಟ್ರೂಶಿಯಲ್ ಸ್ಟೇಟ್ಸ್ ಎಂದು. ಟ್ರೂಸ್ ಎಂದರೆ ಕದನವಿರಾಮ. 1820ರ ಒಪ್ಪಂದ, 1853ರ ಶಾಶ್ವತ ಕಡಲ ಶಾಂತಿ ಒಪ್ಪಂದ, ಇವುಗಳಿಂದ ಬಂದ ಹೆಸರು. ಯುದ್ಧ ನಿಲ್ಲಿಸಿದ್ದರಿಂದಲೇ ಹೆಸರು ಪಡೆದ ನಾಡು ಜಗತ್ತಿನಲ್ಲಿ ಬೇರೆ ಹೆಚ್ಚು ಇರಲಾರದು.

ಅಬುಧಾಬಿಯ ಬಂಧುಗಳು ಕಸ್ರ್ ಅಲ್ ಹೊಸ್ನ್ ನೋಡಿಯೇ ಇರುತ್ತೀರಿ. ಹೊಸ್ನ್ ಎಂದರೆ ಕೋಟೆ. 2020ರ ಕೊರೋನಾ ಕಾಲದಲ್ಲಿ ನಮ್ಮೆಲ್ಲರ ಫೋನಿನಲ್ಲಿ ಹಸಿರು ಬಣ್ಣ ತೋರಿಸುತ್ತಿದ್ದ ಅಲ್ ಹೊಸ್ನ್ ಎಂಬ ಆಪಿನ ಹೆಸರೂ ಅದೇ. ಕಸ್ರ್ ಎಂಬುದು ಲ್ಯಾಟಿನ್ನಿನ ಕಾಸ್ತ್ರುಮ್, ಅಂದರೆ ರೋಮನ್ ದಂಡಿನ ಪಾಳೆಯ, ಗ್ರೀಕರ ಮೂಲಕ ಅರಬ್ಬಿಗೆ ಬಂದದ್ದು. ಇಂಗ್ಲಿಷಿನ ಕ್ಯಾಸಲ್ ಅದರದೇ ಪೀಳಿಗೆ.

ಕಾಯಿ, ಕೊಳವೆ ಮತ್ತು ಮದ್ದು

ಇನ್ನು ಆಯುಧಗಳು. ಬಂದೂಕಿನ ಮೂಲ 'ಬುಂದುಕ್'. ಅರಬ್ಬಿಯಲ್ಲಿ ಬುಂದುಕ್ ಎಂದರೆ ಹೇಝಲ್‌ನಟ್ ಎಂಬ ಕಾಯಿ. ನಂಬದಿದ್ದರೆ ಮನೆಯಲ್ಲಿರುವ ಚಾಕೊಲೇಟಿನ ಹೊದಿಕೆಯ ಮೇಲಿನ ಅರಬ್ಬಿ ಬರಹವನ್ನು ಮಕ್ಕಳಿಂದ ಓದಿಸಿ ನೋಡಿ. ಆ ಕಾಯಿಯಷ್ಟು ದಪ್ಪದ ಗುಂಡಿಗೆ ಅದೇ ಹೆಸರು ಬಂತು, ಗುಂಡು ಹಾರಿಸುವ ಸಾಧನಕ್ಕೂ ಅದೇ ಅಂಟಿತು. ಗ್ರೆನೇಡ್ ಎಂದರೆ ದಾಳಿಂಬೆ. ಅರಬ್ಬಿಯಲ್ಲೂ ಕೈಬಾಂಬಿಗೆ ರುಮ್ಮಾನಾ, ದಾಳಿಂಬೆ ಎಂದೇ ಹೇಳುವುದುಂಟು.

ಕೊಡಗಿನವರು ಪೂಜಿಸುವ ಕೋವಿ ಅಚ್ಚ ಕನ್ನಡ. ಕೋವಿ ಎಂದರೆ ಕೊಳವೆ. ಇಂಗ್ಲಿಷಿನ ಕ್ಯಾನನ್ ಕೂಡ 'ಕನ್ನಾ' ಎಂಬ ಜೊಂಡು, ಕೊಳವೆಯಿಂದ ಬಂದದ್ದು. ನೀರು ಹರಿಯುವ ಕೆನಾಲ್ ಅದರ ತಂಗಿ. ಅರಬ್ಬಿಯ ಕನಾತ್ ಅದೇ ಬಳಗದ್ದು. 2016ರಲ್ಲಿ ತೆರೆದ ದುಬೈ ಕಾಲುವೆಯ ಫಲಕದಲ್ಲಿ ಆ ಪದವಿದೆ.

ಕೋವಿಗೆ ತುಂಬುವುದು ಮದ್ದು. ಇಲ್ಲಿ ನಮ್ಮ ಕಸುಬಿನ ಮಾತು ಬಂತು. ಪೆಟ್ಲುಪ್ಪು ಸುಮಾರು 75 ಭಾಗ, ಇದ್ದಿಲು 15, ಗಂಧಕ 10. ಇದು ಕೋವಿಮದ್ದಿನ ರೂಢಿಯ ಪಾಕ. ಕೊಲ್ಲುವ ಈ ಪುಡಿಗೆ ಔಷಧಿಯ ಹೆಸರು ಏಕೆ? ತಮಿಳಿನ ಮರುಂದು, ತೆಲುಗಿನ ಮಂದು, ಪಾರ್ಸಿಯ ದಾರೂ, ಇವೆಲ್ಲಕ್ಕೂ ಔಷಧಿ, ಸಿಡಿಮದ್ದು ಎಂಬ ಎರಡೂ ಅರ್ಥ ಉಂಟು. ಚೀನೀಯರು ಇದನ್ನು ಕರೆದದ್ದು 'ಬೆಂಕಿಯ ಮದ್ದು' ಎಂದು. ಒಂಬತ್ತನೆಯ ಶತಮಾನದ ಹೊತ್ತಿಗೆ ಅಲ್ಲಿಯ ರಸವಾದಿಗಳು ಸಾವಿಲ್ಲದ ಬಾಳಿಗಾಗಿ ಔಷಧಿ ಹುಡುಕುತ್ತಿದ್ದರು. ಆ ಹುಡುಕಾಟದಲ್ಲಿ ದೊರೆತದ್ದು ಸಾವಿನ ಪುಡಿ. ಪೆಟ್ಲುಪ್ಪಿಗೆ ಅರಬ್ಬರು 'ಚೀನಾದ ಹಿಮ' ಎಂದರೆಂದು 1248ರಲ್ಲಿ ತೀರಿಕೊಂಡ ಪಂಡಿತ ಇಬ್ನ್ ಅಲ್ ಬೈತಾರ್ ಬರೆದಿದ್ದಾನೆ. ನಮ್ಮ ಶ್ರೀರಂಗಪಟ್ಟಣದ ಮದ್ದಿನ ಮನೆಗಳು ಈ ಕಥೆಯ ಒಂದು ಕೊನೆ. ಅವುಗಳಲ್ಲಿ ಒಂದನ್ನು 2017ರಲ್ಲಿ ಜೋಡಿ ರೈಲು ಹಳಿಗಾಗಿ ಬುಡಸಮೇತ ಎತ್ತಿ ಪಕ್ಕಕ್ಕೆ ಸರಿಸಿದರು. ಇನ್ನೊಂದು ಕೊನೆ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ. 2018ರಲ್ಲಿ ಬತ್ತಿದ ಬಾವಿಯೊಂದರಲ್ಲಿ ಮೈಸೂರು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕವು.

ಬೀಡು, ಬಿಡಾರ, ಸಂಬಳ

ಎಲ್ಲವೂ ಹೊರಗಿನದೇ ಎಂದುಕೊಳ್ಳಬೇಡಿ. ಸಂಸ್ಕೃತದ 'ದಂಡ' ಎಂದರೆ ಕೋಲು, ಕೋಲು ಹಿಡಿದ ಅಧಿಕಾರ, ಆಮೇಲೆ ಸೈನ್ಯ. ಹಾಗೆ ನಮ್ಮ ದಂಡು. 1809ರಲ್ಲಿ ಬೆಂಗಳೂರಿನಲ್ಲಿ ಇಂಗ್ಲಿಷರು ಠಾಣ್ಯ ಹೂಡಿದ ಮೇಲೆ ಆ ಭಾಗವೇ 'ದಂಡು' ಆಯಿತು. ದಂಡನಾಯಕ ಸವೆದು ದಣಾಯಕನಾದ. ದಂಡ ಕಟ್ಟುವುದು, ದುಡ್ಡು ದಂಡವಾಗುವುದು, ಎಲ್ಲವೂ ಆ ಕೋಲಿನ ಏಟೇ.

ಅಚ್ಚ ಕನ್ನಡದ 'ಬಿಡು' ಎಂಬುದರಿಂದ ಬೀಡು, ಬಿಡಾರ. ಕುದುರೆ ಬಿಚ್ಚಿ ಬಿಟ್ಟ ಜಾಗ ಬೀಡು. ಹೊಯ್ಸಳರ ಹಳೆಯ ಬೀಡು ಹಳೇಬೀಡು. ತುಳುನಾಡಿನ ಬಂಧುಗಳಿಗೆ ಅರಸುಮನೆತನದ ದೊಡ್ಡ ಮನೆಯೇ ಬೀಡು. ತಾತ್ಕಾಲಿಕ ಪಾಳೆಯ ತಲೆಮಾರುಗಳ ಮನೆಯಾಗಿ ನಿಂತ ಬಗೆ ನೋಡಿ. ಎರಡು ವರ್ಷದ ವೀಸಾಕ್ಕೆಂದು ಬಂದು ಇಪ್ಪತ್ತೈದು ವರ್ಷ ಇಲ್ಲೇ ಉಳಿದವರು ನಮ್ಮ ಸಂಘದಲ್ಲೇ ಎಷ್ಟು ಮಂದಿ ಇಲ್ಲ! ಇನ್ನು ಸೋನಾಪುರ, ಮುಸಫ್ಫಾಗಳ ಲೇಬರ್ ಕ್ಯಾಂಪುಗಳಲ್ಲಿ ಇರುವ ನಮ್ಮ ಜನರ ವಾಸಕ್ಕಂತೂ ದಂಡಿನ ಹೆಸರೇ ಇದೆ.

ಇಂಗ್ಲಿಷಿನ ಸೋಲ್ಜರ್ ಎಂದರೆ ಸೊಲಿದುಸ್ ಎಂಬ ರೋಮನ್ ಚಿನ್ನದ ನಾಣ್ಯಕ್ಕಾಗಿ ದುಡಿಯುವವನು. ಸ್ಯಾಲರಿ ಎಂಬುದು ಉಪ್ಪಿನಿಂದ ಹುಟ್ಟಿದ್ದು. ನಮ್ಮ 'ಸಂಬಳ'ವೋ ಸಂಸ್ಕೃತದ ಶಂಬಲ, ಅಂದರೆ ದಾರಿಬುತ್ತಿ. ಮನೆಬಿಟ್ಟು ದೂರ ಹೋಗುವವನಿಗೆ ಕಟ್ಟಿಕೊಡುವ ಊಟ. ಹಳಗನ್ನಡದಲ್ಲಿ 'ಜೋಳವಾಳಿ' ಎಂಬ ಗಟ್ಟಿಯಾದ ಮಾತಿದೆ. ಒಡೆಯನ ಜೋಳ ಉಂಡ ಋಣಕ್ಕೆ ಅವನಿಗಾಗಿ ಹೋರಾಡುವ ಕರ್ತವ್ಯ. ಅದರ ಜೊತೆಯದು 'ವೇಳೆವಾಳಿ'. ಒಡೆಯ ಸತ್ತ ವೇಳೆಗೆ ತಾನೂ ಸಾಯುವ ವ್ರತ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿಯ ಗರುಡಗಂಬ ಹಾಗೆ ವೀರಬಲ್ಲಾಳನ ಹಿಂದೆಯೇ ಪತ್ನಿ, ಪರಿವಾರ ಸಮೇತ ಪ್ರಾಣಬಿಟ್ಟ ಕುವರಲಕ್ಷ್ಮನ ನೆನಪಿನದು. ನಾವೂ ಸಂಬಳಕ್ಕೆ ದೂರ ಬಂದವರೇ. ಉಂಡ ಉಪ್ಪಿಗೆ ಎಷ್ಟು ಋಣ, ಊರಿಗೆ ಎಷ್ಟು ಋಣ ಎಂಬ ಲೆಕ್ಕ ನಮ್ಮ ಮನೆಗಳಲ್ಲೂ ನಡೆದೇ ಇದೆ. ವೇಳೆವಾಳಿಯನ್ನು ಮಾತ್ರ ಈಗಿನ ಯಾವ ಕಂಪೆನಿಯೂ ಕೇಳದಿರುವುದು ಪುಣ್ಯ.

ತೋರಿಸುವ ಮಾತು, ಮುಚ್ಚುವ ಮಾತು

ಇಲ್ಲಿಯವರೆಗೆ ವಿನೋದವಾಯಿತು. ಕೊನೆಯದಾಗಿ ಗಂಭೀರವಾದ ಒಂದು ವಿಷಯ.

ಬೆಂಗಳೂರಿನ ಹೆಸರು ಮೊದಲು ಕಾಣಿಸುವುದು ಸುಮಾರು ಕ್ರಿ.ಶ. 890ರ ಬೇಗೂರಿನ ಶಾಸನದಲ್ಲಿ. ಅದು ಹೇಳುವುದು ಇಷ್ಟು: ನಾಗತ್ತರನ ಕಡೆಯ ಬುಟ್ಟಣಶೆಟ್ಟಿ ಬೆಂಗಳೂರು ಕಾಳಗದಲ್ಲಿ ಸತ್ತನು. ಮಹಾನಗರದ ಹೆಸರನ್ನು ನಮಗೆ ಉಳಿಸಿಕೊಟ್ಟದ್ದು ಸತ್ತ ಒಬ್ಬ ಮನುಷ್ಯನ ಹೆಸರು. ನಮ್ಮ ಹಳ್ಳಿಗಳ ವೀರಗಲ್ಲುಗಳೆಲ್ಲ ಹೀಗೆಯೇ; ಯಾರು ಸತ್ತ, ಯಾವ ದನಗಳನ್ನು ಬಿಡಿಸಲು ಹೋಗಿ ಸತ್ತ ಎಂದು ನೇರವಾಗಿ ಹೇಳುತ್ತವೆ. 'ಹುತಾತ್ಮ' ಎಂದರೆ ತನ್ನನ್ನೇ ಆಹುತಿ ಕೊಟ್ಟವನು. ಅರಬ್ಬಿಯ ಶಹೀದ್ ಎಂದರೆ ಸಾಕ್ಷಿ. ಗ್ರೀಕಿನ ಮಾರ್ಟರ್ ಎಂದರೂ ಸಾಕ್ಷಿಯೇ. ಇಲ್ಲಿ ಕೆಲಸಕ್ಕೆ ಸೇರುವಾಗ ನಮ್ಮ ಪದವಿ ಪತ್ರಗಳಿಗೆ ಮೊಹರು ಹಾಕಿಸಲು ಅಲೆದೆವಲ್ಲ, ಆ ಪತ್ರಕ್ಕೆ ಅರಬ್ಬಿಯಲ್ಲಿ ಶಹಾದಾ, ಸಾಕ್ಷಿಪತ್ರ. ಅಬುಧಾಬಿಯಲ್ಲಿ 2016ರಲ್ಲಿ ತೆರೆದ ವಾಹತ್ ಅಲ್ ಕರಾಮಾ ಸ್ಮಾರಕದಲ್ಲೂ ಮಡಿದವರ ಹೆಸರುಗಳನ್ನು ಕೆತ್ತಿದ್ದಾರೆ. ಬೇಗೂರಿನ ಕಲ್ಲು, ಅಬುಧಾಬಿಯ ಲೋಹ, ಎರಡರ ಕೆಲಸವೂ ಒಂದೇ.

ಇಂದಿನ ಯುದ್ಧದ ಪ್ರಕಟಣೆಗಳ ಭಾಷೆ ಇದಕ್ಕೆ ತಿರುಗುಮುರುಗು. ಕ್ಯಾಶುಯಲ್ಟಿ ಎಂಬುದರ ಮೂಲ ಅರ್ಥ ಆಕಸ್ಮಿಕ, ಯಾರೂ ಬಯಸದೆ ಆದದ್ದು. ಮನೆಯಲ್ಲಿ ಮಲಗಿದ್ದ ಮಕ್ಕಳು ಸತ್ತರೆ ಕೊಲ್ಯಾಟರಲ್ ಡ್ಯಾಮೇಜ್, ಅಂದರೆ ಪಕ್ಕದಲ್ಲಾದ ನಷ್ಟ. ಸತ್ತವರು 'ನಷ್ಟ'ದ ಪಟ್ಟಿಗೆ ಸೇರುತ್ತಾರೆ, ಗೋಡೆ ಕಿಟಕಿಗಳ ಜೊತೆಗೆ. ಇವೆಲ್ಲಕ್ಕಿಂತ ನಮ್ಮನ್ನು ಕಾಡುವ ಪದ ನ್ಯೂಟ್ರಲೈಸ್. ಅದು ನಮ್ಮ ಪ್ರಯೋಗಶಾಲೆಯಿಂದ ಎತ್ತಿಕೊಂಡು ಹೋದದ್ದು. ಆಮ್ಲಕ್ಕೆ ಕ್ಷಾರ ಬೆರೆಸಿದರೆ ಎರಡರ ಉರಿಯೂ ಅಡಗಿ ಉಪ್ಪು, ನೀರು ಉಳಿಯುತ್ತವೆ. ಅದಕ್ಕೆ ತಟಸ್ಥೀಕರಣ ಎನ್ನುತ್ತೇವೆ. ಅಲ್ಲಿ ಏನೂ ನಾಶವಾಗುವುದಿಲ್ಲ; ಹಾಕಿದ ಅಣುಗಳ ಲೆಕ್ಕ ಕೊನೆಗೂ ಸರಿಯಾಗಿ ಸಿಗುತ್ತದೆ. ಮನುಷ್ಯನನ್ನು ಕೊಂದದ್ದಕ್ಕೆ ಆ ಪದ ಹಚ್ಚಿದರೆ ಯಾವ ಲೆಕ್ಕವೂ ಸರಿಹೋಗದು. ತಟಸ್ಥ ಎಂದರೆ ದಡದ ಮೇಲೆ ನಿಂತವನು. ಗುಂಡು ತಗುಲಿದವನು ಯಾವ ದಡದ ಮೇಲೂ ನಿಂತಿರುವುದಿಲ್ಲ.

ಯುದ್ಧದ ಸುದ್ದಿ ಟಿ.ವಿ.ಯಲ್ಲಿ ಬಂದಾಗ ಮಕ್ಕಳು ಪಕ್ಕದಲ್ಲೇ ಕುಳಿತಿರುತ್ತಾರೆ. ಅದರ ಅರ್ಥವೇನೆಂದು ಅವರು ಕೇಳಿದರೆ ಹಿರಿಯರಾದ ನಾವು ಪದದ ಮೇಲಿನ ಬಟ್ಟೆಯನ್ನು ಸರಿಸಿ, ಸತ್ತರು ಎಂದೇ ಕನ್ನಡದಲ್ಲಿ ಹೇಳುವುದು ಒಳ್ಳೆಯದೆಂದು ನಮ್ಮ ಅನಿಸಿಕೆ.

ಮುಗಿಸುವ ಮುನ್ನ ಒಂದು ಮಾತು. ಅರಬ್ಬಿಯಲ್ಲಿ 'ಮಖ್ಜನ್' ಎಂದರೆ ಉಗ್ರಾಣ. ಯುರೋಪಿಗೆ ಹೋಗಿ ಅದು ಮದ್ದುಗುಂಡಿನ ಉಗ್ರಾಣಕ್ಕೆ ಮ್ಯಾಗಜಿನ್ ಎಂಬ ಹೆಸರಾಯಿತು. 1731ರಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜಿನ್ ಆರಂಭವಾದಾಗ ಬರಹಗಳ ಉಗ್ರಾಣಕ್ಕೂ ಅದೇ ಸಂದಿತು. ಹಾಗಾಗಿ ನಿಮ್ಮ ಕೈಯಲ್ಲಿರುವ ಈ ತ್ರೈಮಾಸಿಕವೂ ಒಂದು ಮಖ್ಜನ್. ಅದನ್ನು ತುಂಬುವ ಕೆಲಸ ಸದಸ್ಯರೆಲ್ಲರಿಗೂ ಹವಾಲೆಯಾಗಿದೆ. ನಿಮ್ಮ ನಿಮ್ಮ ಊರಿನ ಇಂಥ ಪದಗಳು, ಕೊಡಗಿನವು, ಬೀದರಿನವು, ಕರಾವಳಿಯವು, ಇದ್ದರೆ ಮಕ್ಕಳ ಕೈಯಲ್ಲೇ ಬರೆಯಿಸಿ ಸಂಪಾದಕರಿಗೆ ಕಳಿಸಿಕೊಡಿ. ಮುಂದಿನ ಸಂಚಿಕೆಯಲ್ಲಿ ಅವುಗಳನ್ನೂ ಒಡೆದು ನೋಡೋಣ.